ರಾವುತನ ಸೊಂಟದ ಆಯುಧ

ಕುಣಿಗಲ್ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕೆರೆ. ಅದರ ಮೇಲಿನ ಹಾಡನ್ನು ಕೇಳದ ಕನ್ನಡಿಗರು ವಿರಳ. ಕೆರೆಯ ಬಳಿಕ ನೆನಪಾಗುವುದು ಕುದುರೆ. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ದಂಡಿನ ಸವಾರರಿಗಾಗಿ ಅಲ್ಲಿ ನೆಲೆಗೊಂಡ ಅಶ್ವಶಾಲೆ ಸುಲ್ತಾನರನ್ನು ಕಂಡಿತು, ಬ್ರಿಟಿಷರನ್ನು ಕಂಡಿತು, ಮೈಸೂರಿನ ಅರಸರನ್ನು ಕಂಡಿತು. ಕಾಲ ತಿರುಗಿ ಪಂದ್ಯದ ಕುದುರೆಗಳ ತವರುಮನೆಯಾಗಿ, 1992ರಲ್ಲಿ ಖಾಸಗಿಯವರ ಗುತ್ತಿಗೆಗೂ ಹೋಯಿತು. ಕುದುರೆಯ ತಳಿ, ಮೇವು, ಬೆಲೆ ಇವನ್ನು ಕುರಿತು ಬರೆದವರಿದ್ದಾರೆ. ಆ ಕುದುರೆಯ ಬೆನ್ನ ಮೇಲೆ ಕುಳಿತು ಕಾಳಗಕ್ಕೆ ಹೋದ ಮನುಷ್ಯ ತನ್ನ ಸೊಂಟಕ್ಕೆ ಏನನ್ನು ಬಿಗಿದುಕೊಂಡಿದ್ದ, ಅದನ್ನೇ ಏಕೆ ಬಿಗಿದುಕೊಂಡಿದ್ದ ಎಂಬುದು ಅಷ್ಟಾಗಿ ಯಾರೂ ವಿಚಾರಿಸದ ಸಂಗತಿ. ಅದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಸೈನಿಕನಿಗೆ ಯಾವಾಗಲೂ ಎರಡು ಬಗೆಯ ಆಯುಧಗಳು. ಒಂದು, ಅವನ ಕಸುಬಿನ ಆಯುಧ: ಬಿಲ್ಲು, ಭರ್ಚಿ, ಬಂದೂಕು. ಅದರಿಂದ ಅವನು ಶತ್ರುವನ್ನು ದೂರದಲ್ಲಿಯೇ ತಡೆಯುತ್ತಾನೆ. ಇನ್ನೊಂದು, ಆ ದೂರ ಮುಗಿದುಹೋದಾಗ ಬೇಕಾಗುವುದು. ಬಿಲ್ಲಿನ ಹೆದೆ ಹರಿದಿದೆ, ಭರ್ಚಿ ಮುರಿದಿದೆ, ಬಂದೂಕಿಗೆ ಮತ್ತೆ ಮದ್ದು ತುಂಬಲು ವ್ಯವಧಾನವಿಲ್ಲ, ಎದುರಾಳಿಯ ಉಸಿರು ಮುಖಕ್ಕೆ ತಾಗುತ್ತಿದೆ. ಆಗ ಕೈ ತಾನಾಗಿ ಹೋಗುವುದು ಸೊಂಟಕ್ಕೆ. ಕಸುಬಿನ ಆಯುಧವನ್ನು ಸರದಾರನೋ ಸರಕಾರವೋ ಆರಿಸಿ ಕೊಡುವುದುಂಟು. ಸೊಂಟದ ಆಯುಧವನ್ನು ಮಾತ್ರ ಬಹುಕಾಲ ಆಳು ತಾನೇ ಆರಿಸಿಕೊಳ್ಳುತ್ತಿದ್ದ. ಆಯ್ಕೆ ತಪ್ಪಿದರೆ ಅದನ್ನು ಬಂದು ಹೇಳುವುದಕ್ಕೂ ಅವನು ಉಳಿಯುತ್ತಿರಲಿಲ್ಲವಾದ್ದರಿಂದ ಈ ವಿಷಯದಲ್ಲಿ ಅನುಭವ ಬಹಳ ನಿಧಾನವಾಗಿ ಬೆಳೆದಿದೆಯೆನ್ನಬೇಕು.

ಕನ್ನಡದಲ್ಲಿ ಈ ಆಯುಧಗಳ ಹೆಸರಿಗೆ ಬರವಿಲ್ಲ. ಬಾಳು, ಖಂಡೆಯ, ಅಡಾಯುಧ, ಸುರಗಿ, ಕಠಾರಿ, ಬಾಕು — ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಇವು ತುಂಬಿವೆ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಊರಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ವೀರಗಲ್ಲುಗಳನ್ನು ನೋಡಿದರೆ, ತುರುಗಳನ್ನು ಬಿಡಿಸಹೋಗಿ ಮಡಿದವನ ಕೈಯಲ್ಲಿ ಬಿಲ್ಲೋ ಬಾಳೋ ಇದ್ದರೂ ನಡುಪಟ್ಟಿಯಲ್ಲಿ ಒಂದು ಗಿಡ್ಡ ಅಲಗು ಸಿಕ್ಕಿಸಿರುವುದನ್ನು ಅನೇಕ ಕಡೆ ಕಾಣಬಹುದು. ಶಿಲ್ಪಿ ಅದನ್ನು ಮರೆಯಲಿಲ್ಲ. ವಿಜಯನಗರದ ಸಾಳುವ ಅರಸರಂತೂ ‘ಕಠಾರಿ ಸಾಳುವ’ ಎಂಬುದನ್ನೇ ಬಿರುದಾಗಿ ಧರಿಸಿದರು. ದೊಡ್ಡ ಖಡ್ಗದ ಹೆಸರನ್ನು ಬಿಟ್ಟು ಗೇಣುದ್ದದ ಕಠಾರಿಯ ಹೆಸರನ್ನು ರಾಜವಂಶವೊಂದು ತಲೆಯ ಮೇಲೆ ಹೊತ್ತದ್ದು ಸುಮ್ಮನೆ ಅಲ್ಲ. ಕಠಾರಿಯ ಹಿಡಿಯನ್ನು ಗಮನಿಸಿದವರಿಗೆ ಕಾರಣ ಗೊತ್ತಾಗುತ್ತದೆ. ಬೇರೆಲ್ಲ ಚೂರಿಗಳ ಹಿಡಿ ಅಲಗಿನ ನೇರಕ್ಕಿದ್ದರೆ ಇದರ ಹಿಡಿ ಅಡ್ಡಲಾಗಿದೆ. ಮುಷ್ಟಿ ಕಟ್ಟಿ ಗುದ್ದಿದರೆ ತೋಳಿನ, ಹೆಗಲಿನ, ಮೈಯ ಭಾರವೆಲ್ಲ ಮೊನೆಯ ಹಿಂದೆ ಬರುತ್ತದೆ. ಹತ್ತಿ ತುಂಬಿ ಹೊಲಿದ ಅಂಗಿಯನ್ನೂ ಕಬ್ಬಿಣದ ಬಳೆಗಳನ್ನು ಹೆಣೆದ ಕವಚವನ್ನೂ ಅದು ತೂರಬಲ್ಲದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಸನ ದಂಡಿನ ಮೆರವಣಿಗೆಯನ್ನು ಕಂಡು, ರಾವುತರ ಕೈಯಲ್ಲಿ ಈಟಿ, ಸೊಂಟದಲ್ಲಿ ಕತ್ತಿ ಮತ್ತು ಚಿಕ್ಕ ಕೊಡಲಿ ಇದ್ದುದನ್ನು ಬರೆದಿಟ್ಟಿದ್ದಾನೆ. ಕತ್ತಿಯ ಜೊತೆಗೆ ಕೊಡಲಿ ಏಕೆ? ಕವಚದ ಮೇಲೆ ಕತ್ತಿ ಜಾರುತ್ತದೆ, ಕೊಡಲಿ ಜಾರುವುದಿಲ್ಲ. ಇದು ಅನುಭವ ಕಲಿಸಿದ ಪಾಠ.

ಇನ್ನು, ಕತ್ತಿ ಆಗುವುದು ಉಕ್ಕಿನಿಂದ. ಈ ವಿಷಯದಲ್ಲಿ ತುಮಕೂರು ಜಿಲ್ಲೆಗೆ ಹೆಮ್ಮೆಪಡುವ ಹಕ್ಕಿದೆ. ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆಗಾಲದಲ್ಲಿ ಹಳ್ಳಗಳು ತಂದು ಹಾಸುವ ಕರಿಮರಳು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ನಾಡನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕುಲುಮೆಗಳ ಮುಂದೆ ನಿಂತು, ಎಷ್ಟು ಮರಳು, ಎಷ್ಟು ಇದ್ದಿಲು, ಎಷ್ಟು ಆಳು ಎಂಬುದನ್ನೆಲ್ಲ ಲೆಕ್ಕ ಹಾಕಿ ಬರೆದುಕೊಂಡ. ಮೆದು ಕಬ್ಬಿಣದ ತುಂಡನ್ನು ಮಣ್ಣಿನ ಚಿಕ್ಕ ಮೂಸೆಯಲ್ಲಿಟ್ಟು, ಜೊತೆಗೆ ಆವರಿಕೆಯ ಕಡ್ಡಿಗಳನ್ನೂ ಹಸಿ ಎಲೆಯನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಗಂಟೆಗಟ್ಟಲೆ ತಿದಿಯೊತ್ತಿ ಕಾಯಿಸಿದರೆ ಆವರಿಕೆಯ ಇಂಗಾಲ ಕಬ್ಬಿಣದೊಳಕ್ಕೆ ಇಳಿದು ಉಕ್ಕಾಗುತ್ತಿತ್ತು. ಈ ಉಕ್ಕಿನಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯಗಳ ತಂತಿ ಮೂರೂ ಆಗುತ್ತಿದ್ದುವು. ದೇವರ ಕಲ್ಲನ್ನು ಕೆತ್ತುವುದಕ್ಕೂ ಮನುಷ್ಯನ ಕೊರಳನ್ನು ಕತ್ತರಿಸುವುದಕ್ಕೂ ವೀಣೆ ನುಡಿಸುವುದಕ್ಕೂ ಒಂದೇ ಮೂಸೆ! ಇಂಗ್ಲೆಂಡಿನ ವಿದ್ವಾಂಸರು ಇದನ್ನು ‘ವುಟ್ಜ್’ ಎಂದು ಕರೆದು, ಮೈಕೆಲ್ ಫ್ಯಾರಡೆಯಂಥವನೂ ಇದರ ಗುಟ್ಟನ್ನು ಒಡೆಯಲು ಕೆಲಕಾಲ ತಲೆ ಕೆಡಿಸಿಕೊಂಡ. ವುಟ್ಜ್ ಎಂಬುದು ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಹೋದ ರೂಪವೆಂದು ಬಲ್ಲವರು ಹೇಳುತ್ತಾರೆ.

ಹೀಗಿದ್ದೂ ದಖ್ಖನ್ನಿನ ಸರದಾರರು ಪರದೇಶದ ಅಲಗಿಗೆ ಮರುಳಾದದ್ದು ಒಂದು ವಿಚಿತ್ರ. ನಮ್ಮ ಉಕ್ಕು ಬಲು ಗಡಸು, ಅಂಚು ಬೇಗ ಮೊಂಡಾಗದು. ಆದರೆ ಕೆಟ್ಟ ಪೆಟ್ಟು ಬಿದ್ದರೆ ಬಾಗುವುದಕ್ಕೆ ಬದಲು ತುಂಡಾಗುವ ಭಯ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ನೇರವಾದ, ಬಾಗಿ ಮತ್ತೆ ನೆಟ್ಟಗಾಗುವ ಅಲಗುಗಳಿಗೆ ನಮ್ಮ ಕಮ್ಮಾರರು ದೇಶೀ ಹಿಡಿ ಹಾಕಿಕೊಟ್ಟರು. ಅಂಥ ಕತ್ತಿಗೆ ‘ಫಿರಂಗಿ’ ಎಂದೇ ಹೆಸರಾಯಿತು. ಕನ್ನಡದಲ್ಲಿ ಫಿರಂಗಿಯೆಂದರೆ ತೋಪು ಎಂಬ ಅರ್ಥ ನಿಂತಿರುವುದರಿಂದ ಮರಾಠರ ಕತ್ತಿಯ ಫಿರಂಗಿಯನ್ನು ಓದಿದಾಗ ನಮ್ಮ ಹುಡುಗರು ತಬ್ಬಿಬ್ಬಾಗುತ್ತಾರೆ. ಟಿಪ್ಪುವಿನ ಶಯನಗೃಹದಲ್ಲಿ ದೊರೆತದ್ದೆಂದು ಹೆಸರಾದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕ ಬೆಲೆಗೆ ಹರಾಜಾಯಿತಷ್ಟೆ. ಅದರ ಅಲಗು ಕೂಡ ಜರ್ಮನ್ ಮಾದರಿಯನ್ನು ನೋಡಿ ಮಾಡಿದ್ದೆಂದು ತಜ್ಞರ ಅಭಿಪ್ರಾಯ.

ಟಿಪ್ಪುವಿನ ಪ್ರಸ್ತಾಪ ಬಂದಮೇಲೆ ಪಿಸ್ತೂಲಿನ ಮಾತನ್ನೂ ಎತ್ತಬೇಕು. ಸುಲ್ತಾನನಿಗೆ ಆಯುಧಗಳ ವಿಷಯದಲ್ಲಿದ್ದ ಕುತೂಹಲ ಅಪಾರ. ಶ್ರೀರಂಗಪಟ್ಟಣ, ಬೆಂಗಳೂರು, ನಗರಗಳ ಕಾರ್ಖಾನೆಗಳಲ್ಲಿ ಫ್ರೆಂಚರ ಕೌಶಲವನ್ನೂ ನಮ್ಮವರ ಕೈಗಾರಿಕೆಯನ್ನೂ ಸೇರಿಸಿ ಅವನು ಮಾಡಿಸಿದ ಬಂದೂಕು ಪಿಸ್ತೂಲುಗಳು ಇಂದಿಗೂ ವಿಲಾಯತಿಯ ಸಂಗ್ರಹಾಲಯಗಳ ಅಲಂಕಾರ. ಅವುಗಳ ಮೇಲೆ ಹುಲಿಯ ಪಟ್ಟೆ, ಹುಲಿಯ ಮುಖ, ಅವನೇ ತಂದ ಹೊಸ ಶಕೆಯ ವರ್ಷ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಕೀಲು ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವಂತೆ ಮಾಡಿಸಿದ್ದುಂಟು. ಎರಡು ಕೈಗೂ ಒಂದೊಂದು ಹೊಂದಬೇಕೆಂದು ತೋರುತ್ತದೆ. ಅರಮನೆಯನ್ನು ನೋಡಿದ ಬುಕಾನನ್, ಸುಲ್ತಾನ ಮಂಚದ ಮೇಲೆ ಮಲಗದೆ ಸೂರಿಗೆ ಸರಪಣಿಯಲ್ಲಿ ತೂಗುಹಾಕಿದ ಜೋಲಿಯಲ್ಲಿ ಮಲಗುತ್ತಿದ್ದನೆಂದೂ, ಅದರಲ್ಲಿ ಒಂದು ಕತ್ತಿಯನ್ನೂ ಮದ್ದು ತುಂಬಿದ ಎರಡು ಪಿಸ್ತೂಲುಗಳನ್ನೂ ಇಟ್ಟಿದ್ದರೆಂದೂ ಬರೆದಿದ್ದಾನೆ. ಪಿಸ್ತೂಲು ಎರಡು, ಕತ್ತಿ ಒಂದು. ಈ ಪ್ರಮಾಣದಲ್ಲಿಯೇ ಆ ಕಾಲದ ಪಿಸ್ತೂಲಿನ ಚರಿತ್ರೆಯೆಲ್ಲ ಅಡಗಿದೆ. ಒಂದು ಪಿಸ್ತೂಲಿಗೆ ಒಂದೇ ಗುಂಡು. ಚಕಮಕಿ ಕಲ್ಲು ಕಿಡಿ ಕೊಡದಿರಬಹುದು, ಕಿವಿಯಲ್ಲಿನ ಮದ್ದು ಥಂಡಿ ಹಿಡಿದಿರಬಹುದು, ಕುದುರೆ ಕುಲುಕಿದಾಗ ಗುಂಡೇ ಉರುಳಿ ಬಿದ್ದಿರಬಹುದು. ಬಂದೂಕಿನ ‘ಕುದುರೆ’ ಎಳೆಯುವುದು ಎಂದು ನಾವು ಹೇಳುತ್ತೇವಲ್ಲ, ಕುಣಿಗಲಿನ ಕುದುರೆಗಿಂತ ಆ ಕುದುರೆ ಹೆಚ್ಚು ಹಟಮಾರಿಯಾಗಿತ್ತು. ಎರಡು ಪಿಸ್ತೂಲು ಕೈಕೊಟ್ಟರೂ ಕೈಬಿಡದಿರಲೆಂದು ಕತ್ತಿ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯೊಡೆದಾಗ ನಡೆದದ್ದನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಸುಲ್ತಾನ ಮೊದಲು ಹೋರಾಡಿದ್ದು ಬಂದೂಕಿನಿಂದ. ಆಳುಗಳು ಒಂದಾದಮೇಲೊಂದು ಮದ್ದು ತುಂಬಿ ಕೊಡುತ್ತಿದ್ದರು, ಅವನು ಸಾಮಾನ್ಯ ಸಿಪಾಯಿಯಂತೆ ಹೊಡೆಯುತ್ತಿದ್ದ. ಗಾಯಗೊಂಡ, ಕುದುರೆ ಹತ್ತಿ ಒಳಬಾಗಿಲ ಕಡೆಗೆ ಬಂದ. ಅಲ್ಲಿ ನುಗ್ಗಾಟ, ಎರಡು ಕಡೆಯಿಂದಲೂ ಗುಂಡು. ಕುದುರೆ ಬಿತ್ತು. ಹತ್ತಿರದವರು ಪಲ್ಲಕ್ಕಿಯಲ್ಲಿ ಕೂಡಿಸಿದರು. ಆಗ ಒಬ್ಬ ಇಂಗ್ಲಿಷ್ ಸೋಲ್ಜರ್ ಬಂದು, ಇವನಾರೆಂಬುದನ್ನು ತಿಳಿಯದೆ, ಬಂಗಾರದ ಕೊಂಡಿಯ ಆಸೆಗೆ ಸೊಂಟದ ಪಟ್ಟಿಗೆ ಕೈಹಾಕಿದ. ಸುಲ್ತಾನ ಕುಳಿತಲ್ಲಿಂದಲೇ ಕತ್ತಿ ಬೀಸಿದ. ಏಟು ಮೊಣಕಾಲಿಗೆ ಬಿತ್ತು. ಸೋಲ್ಜರ್ ಬಂದೂಕು ಎತ್ತಿ ಕಪಾಲಕ್ಕೆ ಹೊಡೆದ. ಜೊತೆಗಿದ್ದು ಬದುಕಿ ಉಳಿದ ಪರಿಚಾರಕ ರಾಜಾ ಖಾನ್ ಅನಂತರ ತಿಳಿಸಿದ ವೃತ್ತಾಂತವಿದು. ಹುಲಿಮುಖದ ಪಿಸ್ತೂಲುಗಳನ್ನು ಅಷ್ಟು ಮೋಹದಿಂದ ಮಾಡಿಸಿದವನ ಕೊನೆಯ ಚಲನೆ ಕತ್ತಿಯದು. ಅವನನ್ನು ಕೊಂದದ್ದು ಒಬ್ಬ ಹೆಸರಿಲ್ಲದ ಕಾಲಾಳಿನ ಸರಕಾರಿ ಬಂದೂಕು. ಕತ್ತಿಯ ಏಟು ಮೊಣಕಾಲಿಗೆ ಬೀಳದೆ ಕೊರಳಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ ಎಂದು ಕಲ್ಪಿಸುವವರಿದ್ದಾರೆ. ಏನೂ ಆಗುತ್ತಿರಲಿಲ್ಲವೆಂದೇ ನನ್ನ ಭಾವನೆ. ಬಾಗಿಲ ತುಂಬ ಅಂಥ ಬಂದೂಕುಗಳೇ ಇದ್ದುವು.

ಅರಸನ ಕಥೆ ಹಾಗಾದರೆ ಸಾಮಾನ್ಯ ರಾವುತನದು ಬೇರೊಂದು. ಟಿಪ್ಪುವಿನ ಪತನಾನಂತರ ಮೈಸೂರಿನ ದಿವಾನರಾದ ಪೂರ್ಣಯ್ಯನವರು ಸಿಲ್ಲೇದಾರ್ ಕುದುರೆ ಪಡೆಯನ್ನು ಕಟ್ಟಿದರು. 1807ರ ಕೌಲಿನಂತೆ 4,000 ಸವಾರರನ್ನು ಸದಾ ಸಿದ್ಧವಾಗಿಟ್ಟಿರಬೇಕೆಂದು ಕಂಪನಿಯೂ ಕರಾರು ಮಾಡಿಕೊಂಡಿತು. ಸಿಲ್ಲೇದಾರನೆಂದರೆ ತನ್ನ ಕುದುರೆ, ತನ್ನ ಜೀನು, ತನ್ನ ಕತ್ತಿ ತಾನೇ ತಂದು ಸಂಬಳಕ್ಕೆ ಸೇರಿದವನು. ಕುದುರೆಯಿದ್ದರೆ ಅವನು ಸವಾರ. ಕುದುರೆ ಸತ್ತರೆ ಅವನು ಯಾರೂ ಅಲ್ಲ. ಹೊಲ ಅಡವಿಟ್ಟೋ ಹೆಂಡತಿಯ ಒಡವೆ ಮಾರಿಯೋ ಕೊಂಡ ಪ್ರಾಣಿಯನ್ನು ಎದುರಾಳಿಯ ಸಂಗೀನಿನ ಸಾಲಿನ ಮೇಲೆ ನುಗ್ಗಿಸಲು ಯಾವನಿಗೆ ಮನಸ್ಸು ಬಂದೀತು? ದೇಶೀ ಸವಾರರು ಹಲ್ಲೆಗೆ ಹಿಂದೆಗೆಯುತ್ತಾರೆ, ಬೆನ್ನಟ್ಟುವುದಕ್ಕೆ, ಕೊಳ್ಳೆಗೆ ಮುಂದೆ ಎಂದು ಇಂಗ್ಲಿಷ್ ಅಧಿಕಾರಿಗಳು ಗೊಣಗಿದ್ದನ್ನು ಓದುವಾಗ ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ಹೇಡಿತನದ ಮಾತಲ್ಲ, ಬಡ್ಡಿಯ ಮಾತು. ಆದ್ದರಿಂದಲೇ ಅವನು ಆರಿಸಿದ ಆಯುಧವೂ ಬೆನ್ನಟ್ಟುವವನ ಆಯುಧ: ಬಾಗಿದ ತಲವಾರು. ಅದರ ಚಿಕ್ಕ ಹಿಡಿ, ಹಿಡಿಯ ತುದಿಯ ತಟ್ಟೆ ಮಣಿಕಟ್ಟನ್ನು ಬಿಗಿದು ನಿಲ್ಲಿಸುತ್ತವೆ. ತಿವಿಯಲು ಬಾರದು, ಎಳೆದು ಕೊಯ್ಯಲು ಬಲು ಹೊಂದುತ್ತದೆ. ಓಡುವ ಕುದುರೆಯ ಮೇಲಿಂದ ಬೀಸಿದರೆ ಅಲಗು ಸಿಕ್ಕಿಕೊಳ್ಳದೆ ಕೊಯ್ದು ಹೊರಬರುತ್ತದೆ. ಇದೇ ಸಿಲ್ಲೇದಾರರು 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಬೆಂಬಲಕ್ಕೆ ಮರಾಠರ ಮೇಲೆ ಹೋದರು. 1817ರ ಡಿಸೆಂಬರ್ 21ರಂದು ದೂರದ ಮಾಳವದಲ್ಲಿ ಮಹಿದಪುರದ ಕಾಳಗ ಮುಗಿದಾಗ ಹೋಳ್ಕರನ ದಂಡನ್ನು ಬೆನ್ನಟ್ಟಿ ಬೆಲೆಬಾಳುವ ಕೊಳ್ಳೆಯನ್ನೂ ತಂದರು.

ತಲವಾರಿನ ಪೆಟ್ಟನ್ನು ಕುರಿತು ಇಲ್ಲಿ ಒಂದು ಸ್ವಾರಸ್ಯವಾದ ಉಪಾಖ್ಯಾನವನ್ನು ಹೇಳಲೇಬೇಕು. ಬೆಂಗಳೂರು ದಂಡಿನಲ್ಲಿದ್ದ 15ನೆಯ ಹುಸಾರ್ ಪಡೆಯ ಲೂಯಿ ನೋಲನ್ ಎಂಬ ಅಧಿಕಾರಿ ಕುದುರೆ ಪಳಗಿಸುವುದರಲ್ಲಿ ನಿಸ್ಸೀಮ. 1853ರಲ್ಲಿ ಅವನು ಅಶ್ವಪಡೆಯನ್ನು ಕುರಿತು ಒಂದು ಗ್ರಂಥ ಬರೆದ. ನಿಜಾಮನ ಸವಾರರು ಶತ್ರುಗಳ ಕೈಕಾಲುಗಳನ್ನೂ ತಲೆಗಳನ್ನೂ ಒಂದೇ ಏಟಿಗೆ ಬೇರ್ಪಡಿಸಿದ್ದರೆಂದು ಕೇಳಿ, ಅವರ ಬಳಿ ಎಂಥ ಅದ್ಭುತ ಖಡ್ಗಗಳಿವೆಯೋ ಎಂದು ನೋಡಹೋದರೆ, ಅವು ಇಂಗ್ಲಿಷ್ ಸೇನೆಯೇ ಹಳೆಯದಾಯಿತೆಂದು ಎಸೆದ ಅಲಗುಗಳು! 1796ರ ಮಾದರಿಯ ಆ ಕತ್ತಿಗಳಿಗೆ ದೇಶೀ ಹಿಡಿ ಹಾಕಿ, ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿಟ್ಟಿದ್ದರು. ಕಾಳಗದಲ್ಲಲ್ಲದೆ ಒರೆಯಿಂದ ಹಿರಿಯುತ್ತಿರಲಿಲ್ಲ. ಇಂಗ್ಲಿಷ್ ಸವಾರರ ಒರೆಯೋ ಕಬ್ಬಿಣದ್ದು. ಕವಾಯತಿನಲ್ಲಿ ದಿನಕ್ಕೆ ಹತ್ತು ಸಲ ಹಿರಿದು, ಹತ್ತು ಸಲ ಸೇರಿಸಿ, ಕುದುರೆಯ ಪ್ರತಿ ಹೆಜ್ಜೆಗೂ ಅಲಗು ಕಬ್ಬಿಣಕ್ಕೆ ಉಜ್ಜಿ, ಯುದ್ಧದ ದಿನ ಅದು ಕಬ್ಬಿಣದ ದೊಣ್ಣೆಯಾಗಿರುತ್ತಿತ್ತು. ಕತ್ತಿಯ ಗುಣ ಕತ್ತಿಯಲ್ಲಿರಲಿಲ್ಲ, ಒರೆಯಲ್ಲಿತ್ತು. ಆಯುಧದ ಆಯ್ಕೆಯೆಂದರೆ ಅಲಗಿನ ಉದ್ದ ತೂಕಗಳ ಲೆಕ್ಕವೆಂದು ತಿಳಿದ ಕಮಿಟಿಗಳು ಇದನ್ನು ಓದಿಯೂ ಬಹುಕಾಲ ಕಬ್ಬಿಣದ ಒರೆಯನ್ನು ಬಿಡಲಿಲ್ಲ; ಕವಾಯತಿನಲ್ಲಿ ಅದು ಥಳಥಳಿಸುತ್ತದೆ ನೋಡಿ. ನೋಲನ್ ಮಾತ್ರ ಮರುವರ್ಷವೇ, 1854ರ ಅಕ್ಟೋಬರ್ 25ರಂದು, ಕ್ರಿಮಿಯಾದ ಬಾಲಕ್ಲಾವಾದಲ್ಲಿ ತೋಪಿನ ಗುಂಡಿನ ಚೂರು ತಗುಲಿ ಸತ್ತ. ಕತ್ತಿ ಬೀಸುವ ಅವಕಾಶವೇ ಬರಲಿಲ್ಲ.

ಅಷ್ಟರಲ್ಲಿ ತಿರುಗುವ ಗುಂಡಿಗೆಯ ಪಿಸ್ತೂಲು, ಅಂದರೆ ರಿವಾಲ್ವರ್, ಬಂದಿತ್ತು. ಅಮೆರಿಕದ ಕೋಲ್ಟ್, ಇಂಗ್ಲೆಂಡಿನ ಆಡಮ್ಸ್ ಇಬ್ಬರ ಕಂಪನಿಗಳಿಗೂ ಪೈಪೋಟಿ. ಕೋಲ್ಟಿನ ಗುರಿ ಚೆನ್ನ, ಆದರೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಏರಿಸಬೇಕು, ಗುಂಡೂ ಚಿಕ್ಕದು. ಆಡಮ್ಸಿನದು ಎಳೆದರೆ ಸಾಕು, ಗುಂಡು ದಪ್ಪ. 1857ರ ದಂಗೆಯ ಗಲ್ಲಿ ಕಾಳಗಗಳಲ್ಲಿ, ಚಿಕ್ಕ ಗುಂಡು ನಾಲ್ಕಾರು ತಗುಲಿದರೂ ಎದುರಾಳಿ ನಿಲ್ಲದೆ ಬಂದು ಕತ್ತಿ ಬೀಸುತ್ತಾನೆಂಬ ದೂರು ಹುಟ್ಟಿತು. ಕೊಲ್ಲುವುದು ಬೇರೆ, ನಿಲ್ಲಿಸುವುದು ಬೇರೆ. ಕೈಯಳತೆಯ ಕಾಳಗದಲ್ಲಿ ಬೇಕಾದದ್ದು ಎರಡನೆಯದು. ಆ ದೂರಿನ ಫಲವಾಗಿ ಮುಂದೆ 1887ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ವೆಬ್ಲಿ ರಿವಾಲ್ವರಿನ ಗುಂಡು ಸುಮಾರು ಅರ್ಧ ಅಂಗುಲ ದಪ್ಪದ, ನಿಧಾನವಾಗಿ ಹೋಗುವ, ಭಾರವಾದ ಸೀಸದ ಮುದ್ದೆ.

ಈ ಕತ್ತಿ-ಪಿಸ್ತೂಲುಗಳ ವ್ಯಾಜ್ಯ ಒಬ್ಬ ಮನುಷ್ಯನ ಹೆಗಲಲ್ಲಿ ತೀರ್ಮಾನವಾದ ಪ್ರಸಂಗವೊಂದಿದೆ. ಅದಕ್ಕೂ ಬೆಂಗಳೂರಿಗೂ ನಂಟು. 1896ರಲ್ಲಿ 4ನೆಯ ಹುಸಾರ್ ಪಡೆಯೊಂದಿಗೆ ಬೆಂಗಳೂರಿಗೆ ಬರುತ್ತಿದ್ದ ಒಬ್ಬ ಇಪ್ಪತ್ತೊಂದು ವರ್ಷದ ಅಧಿಕಾರಿ ಮುಂಬಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಮೆಟ್ಟಿಲಿಗೆ ಕಾಲಿಡುವಾಗ ಕಬ್ಬಿಣದ ಬಳೆಯನ್ನು ಹಿಡಿದ, ಅಲೆಗೆ ದೋಣಿ ಜಗ್ಗಿತು, ಬಲಹೆಗಲು ಕೀಲುತಪ್ಪಿತು. ಆಮೇಲೆ ಅದು ಎಂದೂ ನೆಟ್ಟಗಾಗಲಿಲ್ಲ. ಬೆಂಗಳೂರಿನಲ್ಲಿ ಅವನು ಪೋಲೊ ಆಡುವಾಗ ತೋಳನ್ನು ಮೈಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕಾಗುತ್ತಿತ್ತು. ಅವನೇ ವಿನ್‌ಸ್ಟನ್ ಚರ್ಚಿಲ್. (ಬೆಂಗಳೂರು ಕ್ಲಬ್ಬಿಗೆ ಅವನು ಉಳಿಸಿಹೋದ 13 ರೂಪಾಯಿ ಬಾಕಿಯ ವಿಚಾರ ಎಲ್ಲರೂ ಬಲ್ಲದ್ದೇ.) 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಂದುರ್ಮಾನಿನಲ್ಲಿ 21ನೆಯ ಲಾನ್ಸರ್ಸ್ ಪಡೆ ಹಲ್ಲೆಗೆ ತಿರುಗಿದಾಗ ಚರ್ಚಿಲ್ ಅದರಲ್ಲಿದ್ದ. ಕತ್ತಿ ಬೀಸಿದರೆ ಹೆಗಲು ಮತ್ತೆ ಜಾರೀತೆಂದು ಮೊದಲೇ ನಿಶ್ಚಯಿಸಿಕೊಂಡು, ಓಡುತ್ತಿರುವ ಕುದುರೆಯ ಮೇಲೆಯೇ ಹಿರಿದಿದ್ದ ಕತ್ತಿಯನ್ನು ಒರೆಗೆ ಸೇರಿಸಿ, ಹತ್ತು ಗುಂಡಿನ ಮೌಸರ್ ಪಿಸ್ತೂಲನ್ನು ತೆಗೆದ. ಅದು ಆಗ ಹೊಸದಾಗಿ ಬಂದಿದ್ದ ತಾನಾಗಿ ಗುಂಡು ತುಂಬಿಕೊಳ್ಳುವ ಜರ್ಮನ್ ಪಿಸ್ತೂಲು. ಒಣಹಳ್ಳದಲ್ಲಿ ಅಡಗಿದ್ದ ಜನಸಮೂಹದೊಳಕ್ಕೆ ಪಡೆ ಬಿದ್ದು ಆಚೆಗೆ ಹೊರಬರಲು ಸುಮಾರು ಎರಡು ನಿಮಿಷ. ಅಷ್ಟರಲ್ಲಿ ಪಡೆಯ 21 ಮಂದಿ ಸತ್ತರು, 119 ಕುದುರೆಗಳು ಬಿದ್ದುವು. ಚರ್ಚಿಲ್‌ಗೆ ಒಂದು ಗಾಯವೂ ಇಲ್ಲ. ಕತ್ತಿ ಹಿಡಿದಿದ್ದರೆ ತಾನು ಉಳಿಯುತ್ತಿರಲಿಲ್ಲವೋ ಏನೋ ಎಂಬರ್ಥದ ಮಾತನ್ನು ಅವನೇ ತನ್ನ ಆತ್ಮಕಥೆಯಲ್ಲಿ ಆಡಿದ್ದಾನೆ. ನಮ್ಮ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದುವು, ಆದರೆ ಕಂದಪದ್ಯ ಹಾಡಿ ಮುಗಿಸುವಷ್ಟು ಹೊತ್ತು ಕತ್ತಿವರಸೆ ನಡೆಯುವುದು ರಂಗದಲ್ಲಿ ಮಾತ್ರ. ನಿಜವಾದ ಕೈಕೈ ಕಾಳಗಕ್ಕೆ ಎರಡು ನಿಮಿಷವೆಂದರೆ ಬಹಳ ದೀರ್ಘ.

ಇಷ್ಟಾದರೂ ಬ್ರಿಟಿಷ್ ಸೇನೆ ಕತ್ತಿಯನ್ನು ಬಿಡಲಿಲ್ಲ. ಬದಲಿಗೆ 1908ರಲ್ಲಿ ಹೊಸತೊಂದನ್ನು ಮಾಡಿತು. ಅದು ಸುಮಾರು 35 ಅಂಗುಲದ ನೇರವಾದ ಅಲಗು. ಕೊಯ್ಯುವುದಕ್ಕಲ್ಲ, ತಿವಿಯುವುದಕ್ಕೆ ಮಾತ್ರ. ಕೊಯ್ಯಬೇಕೆ ತಿವಿಯಬೇಕೆ ಎಂಬ ನೂರು ವರ್ಷದ ವಾದ ಮುಗಿದಾಗ ಕತ್ತಿಯ ಕಾಲವೂ ಮುಗಿಯುತ್ತ ಬಂದಿತ್ತೆಂಬುದು ವಿಧಿವಿಲಾಸ. ಹಿಂದೂಸ್ಥಾನದ ಪಡೆಗಳಿಗೆ ಇದೇ ಕತ್ತಿಯನ್ನು ಹಿಡಿ ಚಿಕ್ಕದು ಮಾಡಿ ಕೊಟ್ಟರು.

ಅದರ ಕೊನೆಯ ದೊಡ್ಡ ಪರೀಕ್ಷೆಯಲ್ಲಿ ಮೈಸೂರಿನವರಿದ್ದರು. 1914ರಲ್ಲಿ ಮಹಾಯುದ್ಧ ಬಂದಾಗ ಮೈಸೂರು ಲಾನ್ಸರ್ಸ್ ಪಡೆ ಜೋಧಪುರ, ಹೈದರಾಬಾದಿನ ಲಾನ್ಸರುಗಳ ಜೊತೆ 15ನೆಯ ಇಂಪೀರಿಯಲ್ ಸರ್ವಿಸ್ ಬ್ರಿಗೇಡಿನಲ್ಲಿ ಸೇರಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲು, ಸೈನಾಯ್ ಮರಳುಗಾಡು, ಅನಂತರ ಪ್ಯಾಲೆಸ್ಟೈನ್. ಸವಾರನ ಮೈಮೇಲೆ ಈಗ ಮೂರು ಆಯುಧ: ಕೈಯಲ್ಲಿ ಬಿದಿರಿನ ಭರ್ಚಿ, ಜೀನಿನಲ್ಲಿ ಕತ್ತಿ ಮತ್ತು ರೈಫಲ್. ಕುದುರೆಗೆ ಭಾರ, ಸವಾರನಿಗೆ ಗೊಂದಲ. ಭರ್ಚಿಯ ಗುಣವೆಂದರೆ ಅದರ ನೀಳ. ಕುಳಿತ ತೋಪಿನವನನ್ನೂ ನೆಲಕ್ಕೆ ಮಲಗಿದ ಬಂದೂಕಿನವನನ್ನೂ ಅದು ಮುಟ್ಟುತ್ತದೆ, ಕತ್ತಿ ಮುಟ್ಟದು. ಅವಗುಣವೂ ಆ ನೀಳವೇ. ಮೊದಲನೆಯವನ ಮೈಯಲ್ಲಿ ಸಿಕ್ಕಿಕೊಂಡರೆ, ಎರಡನೆಯವನು ಭರ್ಚಿಯ ಮೊನೆಯನ್ನು ದಾಟಿ ಒಳಕ್ಕೆ ಬಂದರೆ, ಅದನ್ನು ಬಿಸುಟು ಕತ್ತಿಯನ್ನೇ ಹಿರಿಯಬೇಕು. ಕತ್ತಿಯಿಲ್ಲದ ಸವಾರನ ಪಾಡನ್ನು ಅದೇ ರಣರಂಗದಲ್ಲಿ ಆಸ್ಟ್ರೇಲಿಯದವರು ತೋರಿಸಿದರು: 1917ರ ಅಕ್ಟೋಬರ್ 31ರಂದು ಬೀರ್‌ಷೇಬಾದಲ್ಲಿ ಹಲ್ಲೆ ಮಾಡುವಾಗ ಅವರಿಗೆ ಕತ್ತಿಗಳೇ ಇರಲಿಲ್ಲ; ರೈಫಲಿನ ಸಂಗೀನುಗಳನ್ನು ಬಿಚ್ಚಿ ಕತ್ತಿಯಂತೆ ಕೈಯಲ್ಲಿ ಹಿಡಿದು ನುಗ್ಗಿದರು, ಗೆದ್ದರು ಕೂಡ. ಗೆದ್ದಮೇಲೆ ನಮಗೆ ಕತ್ತಿ ಕೊಡಿರೆಂದು ಕೇಳಿ, ಮುಂದಿನ ವರ್ಷ ಪಡೆದರು.

1918ರ ಸೆಪ್ಟೆಂಬರ್ 23. ಹೈಫಾ ಬಂದರು. ಎಡಕ್ಕೆ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು, ಬಲಕ್ಕೆ ಕುದುರೆ ಹೂತುಹೋಗುವ ಕೆಸರಿನ ಹೊಳೆ, ಎದುರಿಗೆ ಮೆಷೀನ್ ಗನ್ನುಗಳು, ಬೆಟ್ಟದ ಮೇಲೆ ಆಸ್ಟ್ರಿಯದವರ ತೋಪುಗಳು. ಯಾವ ಪುಸ್ತಕವೂ ಇಂಥ ಕಡೆ ಕುದುರೆಯ ಹಲ್ಲೆಯನ್ನು ಹೇಳಿಕೊಡುವುದಿಲ್ಲ. ಮೈಸೂರು ಲಾನ್ಸರ್ಸಿನ ಒಂದು ಸ್ಕ್ವಾಡ್ರನ್ ಇಂಗ್ಲಿಷರ ಷೆರ್‌ವುಡ್ ರೇಂಜರ್ಸಿನ ಸ್ಕ್ವಾಡ್ರನ್ನಿನೊಂದಿಗೆ ಬೆಟ್ಟ ಹತ್ತಿ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ತೋಪುಗಳ ಮೇಲೆ ಬಿತ್ತು. ಕೆಳಗೆ ಜೋಧಪುರದವರು ಮೇಜರ್ ದಲಪತ್ ಸಿಂಗರನ್ನು ಕಳೆದುಕೊಂಡು ಊರೊಳಕ್ಕೆ ನುಗ್ಗಿದರು. ಅಲ್ಲಿಯವರೆಗೆ ಗುಂಡಿನ ಆಸರೆ ಕೊಡುತ್ತಿದ್ದ ಉಳಿದ ಮೈಸೂರಿನವರು ಅವರ ಹಿಂದೆಯೇ ಹೋದರು. ಸೆರೆ ಸಿಕ್ಕವರು 1,350 ಮಂದಿ. ತೋಪು 17, ಮೆಷೀನ್ ಗನ್ 11. ಬ್ರಿಗೇಡಿನ ನಷ್ಟ 8 ಸಾವು, 34 ಗಾಯ, ಕುದುರೆಗಳು 60. ಓಂದುರ್ಮಾನಿನ ಲೆಕ್ಕದ ಜೊತೆ ಇದನ್ನು ಇಟ್ಟುನೋಡಿದರೆ ಹೈಫಾದ ಗೆಲುವಿನ ಬೆಲೆ ಎಷ್ಟು ಕಡಿಮೆಯೆಂಬುದು ಕಾಣುತ್ತದೆ. ಕಾರಣ ಕತ್ತಿಯ ಮಹಿಮೆಯಲ್ಲ. ಒಂದು ಕಡೆಯ ಮೆಷೀನ್ ಗನ್ನುಗಳು ಶತ್ರುವಿನ ತಲೆಯೆತ್ತಗೊಡದಿರುವಾಗ, ಇನ್ನೊಂದು ಕಡೆಯಿಂದ ಕುದುರೆಗಳು ಗುರಿಯಿಡಲು ಸಮಯ ಕೊಡದಷ್ಟು ವೇಗವಾಗಿ ಬಂದುವು. ಮೂಳೆಯವರೆಗೆ ಬರುವ ಉಕ್ಕಿನ ಭಯ ಮಿಕ್ಕ ಕೆಲಸ ಮಾಡಿತು. ಶತ್ರುವಿನಲ್ಲಿ ಬಹಳ ಮಂದಿ ಇರಿತಕ್ಕೆ ಮೊದಲೇ ಕೈಯೆತ್ತಿದರು.

ಅದೇ ಲಾನ್ಸರುಗಳು, ಅದೇ ಭರ್ಚಿ, ಅದೇ ಕತ್ತಿ. ಒಂದು ತಿಂಗಳು ಕಳೆದು ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನಿನಲ್ಲಿ ತುರ್ಕರ ಹಿಂಬದಿಯ ದಂಡು ಎದುರಾಯಿತು. ಅದು ಇವರು ಎಣಿಸಿದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಆಸರೆಯ ಗುಂಡು ಸಾಲದಾಯಿತು. ಮೈಸೂರು, ಜೋಧಪುರದವರು ನುಗ್ಗಿ, ಬಹಳ ನಷ್ಟಪಟ್ಟು ಹಿಂದೆ ಸರಿಯಬೇಕಾಯಿತು. ನಾಲ್ಕು ದಿನ ಕಳೆದು ತುರ್ಕಿಯೊಡನೆ ಕದನವಿರಾಮ. ಹೈಫಾವನ್ನು ವರ್ಷವರ್ಷವೂ ಸ್ಮರಿಸುವ ನಾವು ಹರಿತಾನಿನ ಹೆಸರನ್ನೇ ಎತ್ತುವುದಿಲ್ಲ. ನಾಲ್ಕು ದಿನದ ಅಂತರದಲ್ಲಿ ಮನೆಗೆ ಬರಲಾಗದೆ ಹೋದವರು ಅಲ್ಲಿ ಮಲಗಿದ್ದಾರೆ.

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೇನೆಗಳು ಭಾರತ ಸೇನೆಯಲ್ಲಿ ಲೀನವಾದಾಗ, ಮೈಸೂರು ಲಾನ್ಸರ್ಸಿನ ಸವಾರರು ಗ್ವಾಲಿಯರ್ ಮುಂತಾದ ಕಡೆಯ ಸವಾರರೊಡನೆ 1953ರಲ್ಲಿ ಹುಟ್ಟಿದ 61ನೆಯ ಕ್ಯಾವಲ್ರಿಗೆ ಸೇರಿದರು. ಗಣರಾಜ್ಯದ ದಿನ ದೆಹಲಿಯ ರಸ್ತೆಯಲ್ಲಿ ಕುದುರೆಗಳ ಮೇಲೆ ಬರುವವರು ಅವರ ವಾರಸುದಾರರು. ಸೇನೆಯ ಅಧಿಕಾರಿಯ ಸೊಂಟಕ್ಕೆ 9 ಮಿಲಿಮೀಟರಿನ ಪಿಸ್ತೂಲು ಬಂದು ಬಹಳ ಕಾಲವಾಯಿತು. ಬೆಲ್ಜಿಯಮ್ಮಿನ ಬ್ರೌನಿಂಗ್ ಮಾದರಿಯ ಆ ಪಿಸ್ತೂಲು ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಚಿಕ್ಕ ಗುಂಡೋ ದಪ್ಪ ಗುಂಡೋ ಎಂಬ 1857ರ ತಕರಾರು ಅದರ ಬೆನ್ನಿಗೂ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಕುದುರೆಯನ್ನು ಕೊಟ್ಟ ಜಿಲ್ಲೆ ದಂಡಿಗೆ ಈಗ ಬೇರೊಂದು ವಾಹನವನ್ನು ಒದಗಿಸಲು ಹೊರಟಿದೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಅಲ್ಲಿ ನಿಂತಿರುವ ಮೂವರು ಕಂಚಿನ ಲಾನ್ಸರುಗಳಲ್ಲಿ ಒಬ್ಬ ಮೈಸೂರಿನವನು. ಕೈಯಲ್ಲಿ ಭರ್ಚಿಯಿದೆ. ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ನಗರದ ಬಳಿ ಮೈಸೂರು ಲಾನ್ಸರ್ಸಿನ ಸ್ಮಾರಕಸ್ತಂಭವೊಂದಿದೆ. ಆ ಕಡೆ ಬಸ್ಸಿನಲ್ಲಿ ಹೋಗುವವರು ಒಮ್ಮೆ ಇಳಿದು, ಅದರ ಮೇಲೆ ಕೆತ್ತಿರುವ ಊರುಗಳ ಹೆಸರುಗಳನ್ನು ಓದಬಹುದು.